ಗಾಜಿನ ಫ್ಲ್ಯಾಟೋ, ಮೂಲೆ ಫ್ಲ್ಯಾಟೋ: ಎರಡರಲ್ಲೂ ಇದ್ದು ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೂಲೆ ಫ್ಲ್ಯಾಟಿಗೆ. ಹಿಂದೆ ಬಾಡಿಗೆಗಿದ್ದ ಮನೆ ಉದ್ದ ಕಾರಿಡಾರಿನ ಒಂದು ಬದಿಯಲ್ಲಿತ್ತು. ಹಾಲ್‌ನಲ್ಲಿ ಪಶ್ಚಿಮಕ್ಕೆ ನೆಲದಿಂದ ಸೂರಿನವರೆಗೆ ಗಾಜು. ಈಗ ಕೊಂಡಿರುವ ಮನೆಗೆ ಎರಡು ಕಡೆ ಹೊರಗೋಡೆ, ಹದವಾದ ಕಿಟಕಿ, ಮೇಲೆ ಅಗಲ ಸಜ್ಜಾ.

ಗಾಜಿನ ಮನೆಯ ನೋಟ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಸಾದಾ ಒಂಟಿ ಗಾಜು ಬಿಸಿಲಿನ ಶಾಖದಲ್ಲಿ ಸುಮಾರು ಶೇ. 80ರಷ್ಟನ್ನು ಒಳಗೆ ಬಿಡುತ್ತದೆ. ದಪ್ಪ ಪರದೆ ಹಾಕಿದೆ. ಬೆಳಕು ಹೋಯಿತು, ಸೆಕೆ ಉಳಿಯಿತು. ಶಾಖ ಆಗಲೇ ಗಾಜು ದಾಟಿ ಬಂದಿರುತ್ತದೆ, ತಡೆಯುವುದಾದರೆ ಹೊರಗೇ ತಡೆಯಬೇಕು.

ಎಲ್ಲಕ್ಕಿಂತ ತಲೆ ತಿಂದಿದ್ದು ಡಕ್ಟ್, ಅಂದರೆ ಕಟ್ಟಡದೊಳಗೆ ಕೆಳಗಿನಿಂದ ಮೇಲಿನವರೆಗೆ ಬಾವಿಯಂತೆ ಬಿಟ್ಟ ಖಾಲಿ ಜಾಗ. ಕಟ್ಟಡ ಎದುರಿನಿಂದ ನೀಟಾಗಿ ಕಾಣಲಿ ಅಂತ ಎಲ್ಲರ ಎಸಿಯ ಹೊರಗಿನ ಯೂನಿಟ್‌ಗಳನ್ನು ಇಕ್ಕಟ್ಟಾದ ಡಕ್ಟಿನೊಳಗೆ ಒಂದರ ಮೇಲೊಂದು ಕೂರಿಸಿದ್ದರು. ಕೆಳಗಿನ ಮನೆಗಳ ಬಿಸಿಗಾಳಿ ಮೇಲೇರಿ ನಮ್ಮ ಯೂನಿಟ್‌ಗೆ ಬರುತ್ತಿತ್ತು. ಒಳಗಿನ ಶಾಖವನ್ನು ಹೊರಗೆ ಹಾಕುವುದೇ ಅದರ ಕೆಲಸ. ಹೊರಗೇ ಕುದಿಯುತ್ತಿದ್ದರೆ ಕಂಪ್ರೆಸರ್ ಒದ್ದಾಡುತ್ತದೆ, ಕರೆಂಟು ಜಾಸ್ತಿ ಎಳೆಯುತ್ತದೆ, ತಂಪು ಮಾತ್ರ ಕಮ್ಮಿ.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅಡುಗೆಮನೆ, ಬಚ್ಚಲು ಎರಡರ ಕಿಟಕಿಯೂ ಅದೇ ಡಕ್ಟಿಗೆ! ತೆಗೆದರೆ ಬಿಸಿಗಾಳಿ, ಮುಚ್ಚಿದರೆ ಹಬೆ. ಹಾಲ್‌ಗೆ ಬಂದ ಗಾಳಿಗೆ ಹೊರಹೋಗಲು ಬೇರೆ ದಾರಿಯಿಲ್ಲ. ಮುಂಬಾಗಿಲು ತೆರೆದಿಟ್ಟರೆ ಸ್ವಲ್ಪ ಗಾಳಿ ಆಡುತ್ತಿತ್ತು, ಜೊತೆಗೆ ಕಾರಿಡಾರಿನ ಮಾತೆಲ್ಲ ಒಳಗೆ. ಮಾಲೀಕರಿಗೆ ಹೇಳಿದರೆ “ದೊಡ್ಡ ಎಸಿ ಹಾಕಿಸಿಕೊಳ್ಳಿ” ಅಂದರು. ಅದರ ಯೂನಿಟ್ಟೂ ಅದೇ ಡಕ್ಟಿಗೆ ತಾನೇ ಹೋಗಬೇಕು?

ಈಗಿನ ಮನೆಯಲ್ಲಿ ಯೂನಿಟ್ ಇಡಲು ಬಾಲ್ಕನಿ ಪಕ್ಕ ಬಯಲಿಗೆ ತೆರೆದ ಜಾಗವಿದೆ. ರಿಪೇರಿಯವರು ನಿಂತು ಕೆಲಸ ಮಾಡಬಹುದು. ಕಿಟಕಿಗಳು ಬೇರೆ ಬೇರೆ ದಿಕ್ಕಿಗಿರುವುದರಿಂದ ಒಂದರಲ್ಲಿ ಬಂದ ಗಾಳಿ ಇನ್ನೊಂದರಲ್ಲಿ ಹೊರಡುತ್ತದೆ. ಅವು ಪೂರ್ತಿ ತೆರೆಯುತ್ತವೆ ಕೂಡ. ಹಳೆಯ ಸ್ಲೈಡಿಂಗ್ ಕಿಟಕಿ ಎಷ್ಟು ದೊಡ್ಡದಿದ್ದರೂ ಗಾಳಿಗೆ ಸಿಗುತ್ತಿದ್ದದ್ದು ಅರ್ಧವೇ.

ಲಿಫ್ಟು, ಪಾರ್ಕಿಂಗು: ಎರಡೂ ಕಡೆ ಒಂದೇ ಗೋಳು.

ಮೂಲೆ ಮನೆಗೂ ಕೊರತೆಯಿದೆ. ಬಿಸಿಲು ತಾಗುವ ಗೋಡೆ ಜಾಸ್ತಿ. ಸಜ್ಜಾ ನೆತ್ತಿಯ ಬಿಸಿಲನ್ನು ತಡೆಯುತ್ತದೆ, ಸಂಜೆಯ ಓರೆ ಬಿಸಿಲು ಅದರ ಕೆಳಗೇ ನುಗ್ಗುತ್ತದೆ. ಪಶ್ಚಿಮದ ಕಿಟಕಿಗೆ ಹೊರಗಡೆ ಮಡಚುವ ಶಟರ್ ಹಾಕಿಸಬೇಕಾಯಿತು.

ಬೆಳಿಗ್ಗೆ ಹೋಗಿ ರಾತ್ರಿ ಬರುವವರಿಗೆ ಇದೆಲ್ಲ ಅಷ್ಟು ಕಾಡದೇ ಇರಬಹುದು. ನಾನು ಹಗಲಿಡೀ ಮನೆಯಲ್ಲೇ ಕೆಲಸ ಮಾಡುವವನು, ಎಸಿ ಗಾಳಿ ಮೈಗೆ ಆಗದು. ಇದೇ ದುಡ್ಡಿಗೆ ಒಂದು ರೂಮು ಜಾಸ್ತಿ ಇರುವ ಗಾಜಿನ ಫ್ಲ್ಯಾಟ್ ಸಿಗುತ್ತಿತ್ತು. ನಾನು ಗಾಳಿ ಆರಿಸಿಕೊಂಡೆ.