ಮಾತ್ರೆ, ಉಂಗುರ, ಇಂಜೆಕ್ಷನ್: ಯಾವ ಸಂಶೋಧನೆಗೆ ಹಣ?

ಮಂಡ್ಯದ ನಿಮ್ಮ ಟ್ರಸ್ಟ್‌ನವರು ಎಚ್‌ಐವಿ ತಡೆಗೆ ಲಸಿಕೆ ಬಿಟ್ಟು ಬೇರೆ ಯಾವ ಸಂಶೋಧನೆಗೆ ಹಣ ಕೊಡೋಣ ಅಂತ ಕೇಳಿದ್ದೀರಿ. ಮುಖ್ಯವಾಗಿ ಮೂರಿವೆ: ದಿನದ ಪ್ರೆಪ್ ಮಾತ್ರೆ (ಸೋಂಕು ತಗುಲದಂತೆ ಮೊದಲೇ ನುಂಗುವ ಔಷಧ), ಹೆಣ್ಣು ಯೋನಿಯೊಳಗೆ ಇಟ್ಟುಕೊಳ್ಳುವ, ಔಷಧವಿರುವ ಡಾಪಿವಿರಿನ್ ಉಂಗುರ, ಆರು ತಿಂಗಳಿಗೊಮ್ಮೆ ಕೊಡುವ ಲೆನಕಾಪವಿರ್ ಇಂಜೆಕ್ಷನ್.

ಪರಿಣಾಮದಲ್ಲಿ ಇಂಜೆಕ್ಷನ್ನೇ ಮುಂದೆ. ದಕ್ಷಿಣ ಆಫ್ರಿಕಾ, ಉಗಾಂಡಾದ ಪ್ರಯೋಗದಲ್ಲಿ ಅದನ್ನು ಪಡೆದ 2,134 ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಸೋಂಕು ತಗುಲಿಲ್ಲ ಅಂತ 2024ರಲ್ಲಿ ಗೊತ್ತಾಯಿತು. ಎಂಥ ಸಮಾಧಾನದ ಸುದ್ದಿ! ಉಂಗುರ ಸೋಂಕನ್ನು ತಗ್ಗಿಸಿದ್ದು ಸುಮಾರು ಶೇ 30ರಷ್ಟು. ಆದರೂ ಸುಮ್ನೆ ತಳ್ಳಿಹಾಕಬೇಡಿ. ತಿಂಗಳಿಗೊಮ್ಮೆ ಹೆಣ್ಣು ತಾನೇ ಹಾಕಿಕೊಳ್ಳಬಹುದು, ಗಂಡನನ್ನು ಕೇಳಬೇಕಿಲ್ಲ.

ಮಾತ್ರೆ ತಪ್ಪದೆ ನುಂಗಿದರೆ ಚೆನ್ನಾಗಿ ಕಾಯುತ್ತದೆ, ಖರ್ಚೂ ಕಮ್ಮಿ. ಕಷ್ಟ ಇರುವುದು ದಿನಾ ನುಂಗುವುದರಲ್ಲಿ. ಡಬ್ಬಿ ಅತ್ತೆಯ ಕಣ್ಣಿಗೆ ಬಿದ್ದರೆ ಏನು ಹೇಳುವುದು, ಅಲ್ವಾ? ಮೈಸೂರಿನ ಆಶೋದಯ ಸಮಿತಿಯ ಲೈಂಗಿಕ ಕಾರ್ಯಕರ್ತೆಯರು ಮೈಸೂರು-ಮಂಡ್ಯದಲ್ಲೇ ಪ್ರೆಪ್ ಯೋಜನೆ ನಡೆಸಿದ್ದಾರೆ. ಮೊದಲು ಅವರ ಹತ್ತಿರ ಕೂತು ಮಾತಾಡಿ.

ಮೊತ್ತ ಸಣ್ಣದಿದ್ದರೆ, ಮಾತ್ರೆ ಯಾಕೆ ಬಿಟ್ಟುಹೋಗುತ್ತದೆ ಎಂಬ ಸ್ಥಳೀಯ ಅಧ್ಯಯನಕ್ಕೆ ಕೊಡಿ. ಹೆಂಗಸರ ಕೈಯಲ್ಲೇ ಹಿಡಿತವಿರಬೇಕು ಎನ್ನುವುದಾದರೆ ಉಂಗುರದ ಸುಧಾರಣೆಗೆ. ದೊಡ್ಡ ಮೊತ್ತ, ವರ್ಷಗಟ್ಟಲೆ ಕಾಯುವ ತಾಳ್ಮೆ ಎರಡೂ ಇದ್ದರೆ, ಇಂಜೆಕ್ಷನ್ ಅನ್ನು ತಾಲ್ಲೂಕು ಆಸ್ಪತ್ರೆವರೆಗೆ ತಲುಪಿಸುವ ದಾರಿ ಹುಡುಕುವ ಸಂಶೋಧನೆಗೆ.