ಪ್ರಾಗ್‌ಗೆ ಹೊರಟವರೇ, ಅಲ್ಲಿನ ಖಗೋಳ ಗಡಿಯಾರದ ಸುತ್ತಮುತ್ತ ದುಡ್ಡು ಬದಲಿಸಬೇಡಿ

ಪ್ರಾಗ್ ರಾಜಧಾನಿಯಾಗಿರುವ ಜೆಕ್ ದೇಶ ಐರೋಪ್ಯ ಒಕ್ಕೂಟದಲ್ಲಿದ್ದರೂ ಅಲ್ಲಿ ಚಲಾವಣೆಯಲ್ಲಿರುವುದು ಯೂರೋ ಅಲ್ಲ, ಕೊರುನಾ. ಯೂರೋ ನಡೆಯುವ ವಿಯೆನ್ನಾದಿಂದ ರೈಲಿನಲ್ಲಿ ಬಂದಿಳಿಯುವವರ ಜೇಬಿನಲ್ಲಿ ಯೂರೋ ಇರುತ್ತದೆ ಅನ್ನೋದು ಪ್ರಾಗ್‌ನ ಕೆಲವು ವಿನಿಮಯ ಕೌಂಟರಿನವರಿಗೆ ಚೆನ್ನಾಗಿ ಗೊತ್ತು. ನಮ್ಮ ಭಾವನಿಗೆ ಟೋಪಿ ಹಾಕಿದ್ದು ಹೀಗೆ.

ಆ ಗಡಿಯಾರವಿರುವ ಓಲ್ಡ್ ಟೌನ್ ಚೌಕದ ಹತ್ತಿರದ ಒಂದು ಕೌಂಟರು. ಹೊರಗೆ ದಪ್ಪಕ್ಷರದಲ್ಲಿ 'ಕಮಿಷನ್ ಸೊನ್ನೆ'. ಕಮಿಷನ್ ಇಲ್ಲ ನಿಜ, ದರದಲ್ಲೇ ಬೋಳಿಸುತ್ತಾರೆ. ಆಗ ಒಂದು ಯೂರೋಗೆ ಸುಮಾರು 25 ಕೊರುನಾ ನಡೆಯುತ್ತಿತ್ತು. ಭಾವ 200 ಯೂರೋ ಕೊಟ್ಟರೆ ಗಾಜಿನ ಕೆಳಗಿಂದ ಬಂದದ್ದು 3,400 ಕೊರುನಾ. ಐದು ಸಾವಿರದ ಹತ್ತಿರ ಬರಬೇಕಿತ್ತು! ಕೇಳಿದ್ದಕ್ಕೆ ಒಳಗಿದ್ದಾಕೆ ಗಾಜಿಗೆ ಅಂಟಿಸಿದ್ದ ಚೀಟಿಯ ಕಡೆ ಬೆರಳು ತೋರಿಸಿದಳು. ನಿಜವಾದ ದರ ಅಲ್ಲಿ ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿತ್ತು. "ಹೋಗ್ಲಿ ಬಿಡಪ್ಪ, ಪರದೇಶದಲ್ಲಿ ಜಗಳ ಯಾಕೆ" ಅಂತ ಭಾವ ಹೊರಟೇಬಿಟ್ಟರು.

ಬಿಡಬಾರದು. 2019ರ ಏಪ್ರಿಲ್‌ನಿಂದ ಅಲ್ಲೊಂದು ಕಾನೂನಿದೆ: 1,000 ಯೂರೋವರೆಗಿನ ವಿನಿಮಯವನ್ನು 3 ಗಂಟೆಯೊಳಗೆ, ಯಾವ ಕಾರಣವನ್ನೂ ಕೊಡದೆ ರದ್ದು ಮಾಡಿಸಬಹುದು. ರಸೀದಿ ಹಿಡಿದು ಅದೇ ಕೌಂಟರಿಗೆ ಹೋದೆವು. ಅಷ್ಟು ಹೊತ್ತು ಸಲೀಸಾಗಿ ಇಂಗ್ಲಿಷ್ ಮಾತಾಡಿದ್ದಾಕೆಗೆ ಈಗ ಇಂಗ್ಲಿಷೇ ಬರುವುದಿಲ್ಲ. ಆಮೇಲೆ ಮ್ಯಾನೇಜರ್ ಇಲ್ಲ ಅಂದಳು. ಜೆಕ್ ನ್ಯಾಷನಲ್ ಬ್ಯಾಂಕಿಗೆ ದೂರು ಬರೆಯುತ್ತೇವೆ ಅಂದೆ. ಇಂಥ ಕೌಂಟರುಗಳ ಮೇಲಿನ ಉಸ್ತುವಾರಿ ಆ ಬ್ಯಾಂಕಿನದೇ. ಮುಖ ಗಂಟಿಕ್ಕಿಕೊಂಡು ಯೂರೋ ವಾಪಸ್ ಕೊಟ್ಟಳು. ರಸೀದಿ ಬಿಸಾಡಿದ್ದರೆ ಆ ದುಡ್ಡಿಗೆ ಎಳ್ಳುನೀರೇ.

ಬೀದಿಯಲ್ಲಿ "ನಾನು ಒಳ್ಳೆ ರೇಟ್ ಕೊಡ್ತೀನಿ" ಅಂತ ಹತ್ತಿರ ಬರುವವರಿದ್ದಾರಲ್ಲ, ಅವರ ಮುಂದೆ ಈ ಕಾನೂನೂ ಇಲ್ಲ, ರಸೀದಿಯೂ ಇಲ್ಲ. ಕೊರುನಾ ಅಂತ ಹಂಗೇರಿಯ ಫೋರಿಂಟ್ ನೋಟು ತುರುಕುತ್ತಾರೆ. ಮೇಲೆ ಸಾವಿರ, ಐದು ಸಾವಿರ ಅಂತ ಮುದ್ರಿಸಿರುತ್ತದೆ, ಬೆಲೆ ಕೊರುನಾದ ಹದಿನೈದನೇ ಒಂದು ಪಾಲಿನ ಆಸುಪಾಸು. ಬ್ಯಾಂಕಿಗೆ ಸೇರದ ಒಂಟಿ ಎಟಿಎಂಗಳೂ ಅಷ್ಟೇ, ದರದಲ್ಲೇ ಬೋಳಿಸುತ್ತವೆ. 'ನಿಮ್ಮ ದೇಶದ ಕರೆನ್ಸಿಯಲ್ಲಿ ಲೆಕ್ಕ ಹಾಕಲೇ' ಅಂತ ಪರದೆ ಕೇಳಿದರೆ ಬೇಡ ಅನ್ನಿ, ಕೊರುನಾದಲ್ಲೇ ಕಡಿತವಾಗಲಿ.

ಅಂದಹಾಗೆ 1410ರ ಆ ಖಗೋಳ ಗಡಿಯಾರದ ಪಕ್ಕದಲ್ಲೇ ಹಣದ ಚೀಲ ಹಿಡಿದ ಜಿಪುಣನ ಗೊಂಬೆಯಿದೆ. ಗಂಟೆಗೊಮ್ಮೆ ಅಲ್ಲೇ ಇರುವ ಅಸ್ಥಿಪಂಜರದ ಗೊಂಬೆ ಗಂಟೆ ಬಾರಿಸಿದಾಗ ಅವನು ತಲೆ ಅಲ್ಲಾಡಿಸುತ್ತಾನೆ. ಕೆಳಗೆ ನಿಂತವರೆಲ್ಲ ಕತ್ತೆತ್ತಿ ನೋಡುವ ಆ ಹೊತ್ತೇ ಜೇಬುಗಳ್ಳರಿಗೂ ಸುಗ್ಗಿ, ಬ್ಯಾಗನ್ನು ಎದೆಗವಚಿಕೊಂಡು ನೋಡಿ.

ನಿಜ ಹೇಳಬೇಕೆಂದರೆ ಅಲ್ಲಿ ನಗದು ಅಷ್ಟಾಗಿ ಬೇಕಾಗುವುದೇ ಇಲ್ಲ. ಟ್ರಾಮಿನೊಳಗೇ ಕಾರ್ಡ್ ತಾಗಿಸಿ ಟಿಕೆಟ್ ತೆಗೆದುಕೊಳ್ಳಬಹುದು. ಕಾಗದದ ಟಿಕೆಟ್ ಕೊಂಡರೆ ಮಾತ್ರ ಹತ್ತಿದ ಕೂಡಲೇ ಹಳದಿ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಿ, ಇಲ್ಲದಿದ್ದರೆ ಟಿಕೆಟ್ ಕೈಯಲ್ಲಿದ್ದರೂ ದಂಡ ಬೀಳುತ್ತದೆ.