ಬೀದರ್ ಚಳಿಗಾಲಕ್ಕೆ ಫ್ರೆಂಚ್ ಬಾಕ್ಸ್ ಈಸೆಲ್: ತಗೊಳ್ಳಿ, ಆದರೆ ಮೊದಲು ನಟ್ಟು ಬದಲಿಸಿ

ಚಿತ್ರ ಬರೆಯುವಾಗ ಬೋರ್ಡು ನಿಲ್ಲಿಸುವ ಸ್ಟ್ಯಾಂಡೇ ಈಸೆಲ್. ಬೀಚ್ ಮರದ, ಮೂರು ಕಾಲಿನ, ಪೆಟ್ಟಿಗೆಯಂತೆ ಮಡಚಿಕೊಳ್ಳುವ ಫ್ರೆಂಚ್ ಬಾಕ್ಸ್ ಈಸೆಲ್ ಆನ್‌ಲೈನ್‌ನಲ್ಲಿ ಹತ್ತಾರು ಹೆಸರಿನಲ್ಲಿ ಸಿಗುತ್ತದೆ. ಹೆಸರು ಬೇರೆಯಾದರೂ ಕಟ್ಟು ಬಹುತೇಕ ಒಂದೇ: ಒಂದು ಡ್ರಾಯರ್, ಬಣ್ಣ ಕಲಸುವ ಮರದ ಹಲಗೆ ಅಂದರೆ ಪ್ಯಾಲೆಟ್, ಎತ್ತಿ ನಿಲ್ಲಿಸುವ ಮುಚ್ಚಳ, ಹಿತ್ತಾಳೆ ಬಣ್ಣದ ನಟ್ಟು ಬೋಲ್ಟು, ಚರ್ಮದ ಹಿಡಿ. ಖಾಲಿ ಇದ್ದಾಗಲೇ 5ರಿಂದ 6 ಕೆಜಿ ತೂಗುತ್ತದೆ. ಬಣ್ಣ, ಎಣ್ಣೆ, ಬೋರ್ಡು ತುಂಬಿದರೆ 9 ಕೆಜಿ ಹತ್ತಿರ ಬರುತ್ತದೆ. ಬೈಕು ಅಥವಾ ಆಟೊ ನಿಲ್ಲುವ ಜಾಗದಿಂದ ನೂರಿನ್ನೂರು ಹೆಜ್ಜೆಯೊಳಗೆ ಕೆಲಸ ಮಾಡುವವರಿಗೆ ಇದು ಒಳ್ಳೆಯ ಸಾಮಾನು. ಬೀದರ್ ಕೋಟೆಯಲ್ಲಿ ಬುರುಜಿನಿಂದ ಬುರುಜಿಗೆ ಹೊತ್ತು ತಿರುಗುವವರು ಇದನ್ನು ಬಿಟ್ಟು, ಕ್ಯಾಮೆರಾ ಟ್ರೈಪಾಡ್ ಮೇಲೆ ಕೂರುವ ಪುಟ್ಟ ಪೆಟ್ಟಿಗೆ ನೋಡುವುದು ಲೇಸು.

ಚಳಿಗಾಲದ ಹೊರಾಂಗಣ ತೈಲವರ್ಣದ ಬಗ್ಗೆ ಸಿಗುವ ಸಲಹೆ ಹೆಚ್ಚಾಗಿ ಹಿಮ ಬೀಳುವ ದೇಶದವರದು. ನಮ್ಮ ಕಡೆ ಬಣ್ಣ ಹೆಪ್ಪುಗಟ್ಟುವ ಭಯವಿಲ್ಲ. ಬೀದರಿನಲ್ಲಿ ಡಿಸೆಂಬರ್, ಜನವರಿಯ ನಸುಕಿಗೆ 12 ಡಿಗ್ರಿ ಆಸುಪಾಸು ಇದ್ದರೆ ಮಧ್ಯಾಹ್ನಕ್ಕೆ 28 ಆಗಿರುತ್ತದೆ. ಇಲ್ಲಿ ಕಾಡುವುದು ಒಣ ಹವೆ, ಬಯಲಿನ ಗಾಳಿ, ಕೆಂಪು ಧೂಳು, ಬೇಗ ಓಡುವ ಬೆಳಕು. ಈಸೆಲ್ಲನ್ನು ತೂಗಬೇಕಾದದ್ದು ಈ ನಾಲ್ಕರ ಎದುರಿಗೆ.

ಮೊದಲು ಒಣ ಹವೆ. ಮಳೆಗಾಲದ ತೇವ ಕುಡಿದ ಮರ ಡಿಸೆಂಬರ್ ಹೊತ್ತಿಗೆ ಅಡ್ಡಕ್ಕೆ ಸ್ವಲ್ಪ ಕುಗ್ಗುತ್ತದೆ. ಬೋಲ್ಟು ಕುಗ್ಗುವುದಿಲ್ಲ. ಹಾಗಾಗಿ ಆಗಸ್ಟಿನಲ್ಲಿ ಬಿಗಿಯಾಗಿದ್ದ ಕಾಲು ಜನವರಿಯಲ್ಲಿ ತಾನಾಗಿ ಜಾರುತ್ತದೆ, ಅದೂ ಬೋರ್ಡಿನ ಮೇಲೆ ಬ್ರಶ್ ಒತ್ತಿದಾಗಲೇ. ಜೊತೆಗೆ ಬರುವ ವಿಂಗ್ ನಟ್ಟುಗಳು ಮೆದು ಲೋಹದವು, ನಾಲ್ಕಾರು ಸಲ ಜೋರಾಗಿ ತಿರುವಿದರೆ ಥ್ರೆಡ್ ಸವೆದುಹೋಗುತ್ತದೆ. ಪರಿಹಾರ ಹಾರ್ಡ್‌ವೇರ್ ಅಂಗಡಿಯಲ್ಲೇ ಇದೆ: ಬಿಗಿಮಾಡುವ ಕಡೆಗಳಿಗೆಲ್ಲ ಸ್ಟೀಲ್ ವಿಂಗ್ ನಟ್ಟು, ಅದರಡಿ ಒಂದು ಅಗಲ ವಾಷರ್, ಒಂದು ಸ್ಪ್ರಿಂಗ್ ವಾಷರ್. ಕಾಲು ಮಡಚುವ ಕೀಲಿಗೆ ನೈಲಾನ್ ಹಾಕಿದ ಲಾಕ್ ನಟ್ಟು. ಅಳತೆ ಒಂದೊಂದು ಈಸೆಲ್ಲಿಗೆ ಒಂದೊಂದು ಥರ, ಆದ್ದರಿಂದ ಹಳೆಯ ಬೋಲ್ಟು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಇಷ್ಟು ಮಾಡಿದರೆ ಈ ಈಸೆಲ್ಲಿನ ಮುಕ್ಕಾಲು ದೂರು ತೀರುತ್ತದೆ. ಬಿಚ್ಚಿದ ಹೊತ್ತಿನಲ್ಲೇ ಮರಕ್ಕೆ ಅಗಸೆ ಎಣ್ಣೆಯನ್ನು ಬಟ್ಟೆಯಿಂದ ತೆಳ್ಳಗೆ ಸವರಿ, ಕಾಲು ಗಂಟೆ ಬಿಟ್ಟು ಒರೆಸಿ, ಒಂದು ವಾರ ಒಣಗಲು ಬಿಡಿ.

ಹೂಡುವ ಕ್ರಮವೂ ಮುಖ್ಯ. ಪೆಟ್ಟಿಗೆಯನ್ನು ಅಡ್ಡ ಮಲಗಿಸಿಕೊಂಡು ಮೊದಲು ಮುಂದಿನ ಎರಡು ಕಾಲು ಬಿಡಿಸಿ ಬಿಗಿಮಾಡಿ, ಆಮೇಲೆ ಹಿಂದಿನದು. ನಿಲ್ಲಿಸಿದ ಮೇಲೆ ಪೆಟ್ಟಿಗೆಯ ಮೇಲೆ ಎರಡೂ ಕೈಯಿಟ್ಟು ಮೈಭಾರ ಬಿಡಿ. ಜಾರುವುದಿದ್ದರೆ ಈಗಲೇ ಜಾರಲಿ. ಆ ಮೇಲಷ್ಟೇ ಮುಚ್ಚಳ ಎತ್ತಿ, ಬೋರ್ಡು ಕೂರಿಸಿ, ಕಡೆಗೆ ಡ್ರಾಯರ್ ಎಳೆಯಿರಿ. ಡ್ರಾಯರ್ ಮೊದಲೇ ಎಳೆದರೆ ಭಾರವೆಲ್ಲ ಚಿತ್ರ ಬರೆಯುವವರ ಕಡೆ ವಾಲುತ್ತದೆ.

ಗಾಳಿಗೆ ಮಾತ್ರ ಈ ತೂಕವೇ ವರ. ಬೀದರ್ ಪಕ್ಕದ ಅಷ್ಟೂರಿನ ಬಹಮನಿ ಗುಮ್ಮಟಗಳ ಎದುರಿನ ಬಯಲಲ್ಲಿ ಹೊತ್ತೇರಿದ ಮೇಲೆ ಗಾಳಿ ಏಳುತ್ತದೆ. ಹಗುರ ಅಲ್ಯೂಮಿನಿಯಂ ಈಸೆಲ್ ಅಲ್ಲಿ 12×16 ಇಂಚಿನ ಬೋರ್ಡಿನ ಸಮೇತ ಮಗುಚುತ್ತದೆ. ಇದು ನಿಲ್ಲುತ್ತದೆ, ಆದರೆ ಮೂರು ಮಾತು ನೆನಪಿರಲಿ. ಕಾಲುಗಳನ್ನು ಪೂರ್ತಿ ಎಳೆಯದೆ ಒಂದು ಗೇಣು ಕಮ್ಮಿ ಇಡಿ. ಪೆಟ್ಟಿಗೆಯ ಅಡಿಗೆ ಚೀಲದಲ್ಲಿ 3-4 ಕೆಜಿ ತೂಗುವ ಶಹಾಬಾದ್ ಕಲ್ಲಿನ ಚೂರು ತೂಗುಹಾಕಿ. ಚೀಲದ ತಳ ನೆಲಕ್ಕೆ ತಾಗುವಂತಿರಲಿ, ಇಲ್ಲದಿದ್ದರೆ ಅದೇ ತೂಗಾಡಿ ಈಸೆಲ್ ಅಲುಗಿಸುತ್ತದೆ. ಗಾಳಿಗೆ ಬೋರ್ಡಿನ ಮುಖ ಕೊಡದೆ ಅಂಚು ಕೊಡಿ. ಛತ್ರಿಯನ್ನಂತೂ ಈಸೆಲ್ಲಿಗೆ ಕಟ್ಟಲೇಬೇಡಿ, ಅದು ಹಾಯಿಯಂತೆ ಇಡೀ ಪೆಟ್ಟಿಗೆಯನ್ನು ಎಳೆದುಕೊಂಡು ಹೋಗುತ್ತದೆ.

ಜೊತೆಗೆ ಕೊಡುವ ಪ್ಯಾಲೆಟ್ ಹಳದಿ ಮಿಶ್ರಿತ ಕಂದು. ಇದರ ಮೇಲೆ ಬೀದರಿನ ಜಂಬಿಟ್ಟಿಗೆ ಕಲ್ಲಿನ ಬಣ್ಣ ಕಲಸಿದರೆ ಕೆಂಪು ಎಷ್ಟು ಕೆಂಪೆಂದು ಕಣ್ಣಿಗೆ ತಿಳಿಯುವುದಿಲ್ಲ. ನಡುಬೂದು ಬಣ್ಣ ಬಳಿದ ಕಾಗದದ ಮೇಲೆ ಅದೇ ಅಳತೆಯ 3 ಮಿಮೀ ಗಾಜೋ ಅಕ್ರಿಲಿಕ್ ಶೀಟೋ ಕೂರಿಸಿಕೊಳ್ಳಿ. ಇನ್ನೊಂದು ಸೂಕ್ಷ್ಮವಿದೆ. ಕೆಂಪು ಮೊರಂ (ಗರಸು ಮಣ್ಣು) ನೆಲದ ಮೇಲೆ ಬಿಸಿಲಿಗೆ ನಿಂತರೆ ನೆಲದ ಕೆಂಪು ಬೆಳಕು ಕೆಳಗಿನಿಂದ ಪ್ಯಾಲೆಟ್ಟಿಗೂ ಬೋರ್ಡಿಗೂ ಅಡರುತ್ತದೆ. ಕಣ್ಣು ಅದಕ್ಕೆ ಹೊಂದಿಕೊಂಡು, ಕೈ ತನಗೇ ಗೊತ್ತಿಲ್ಲದೆ ನೀಲಿ ಹೆಚ್ಚು ಸೇರಿಸುತ್ತದೆ. ಮನೆಗೆ ತಂದು ನೋಡಿದರೆ ಗೋಡೆ ತಣ್ಣಗೆ, ನೇರಳೆಯಾಗಿ ಕಾಣುತ್ತದೆ. ಈಸೆಲ್ಲಿನ ಅಡಿಗೆ ಒಂದು ಬೂದು ಬಣ್ಣದ ಚಾದರ ಹಾಸಿದರೆ ಇದು ಬಹಳ ಮಟ್ಟಿಗೆ ತಪ್ಪುತ್ತದೆ, ಧೂಳೂ ಕಮ್ಮಿ.

ಬೆಳಕಿನ ಲೆಕ್ಕ ಹಾಕಿಕೊಂಡೇ ಜಾಗ ಹಿಡಿಯಿರಿ. ಡಿಸೆಂಬರ್ 21ರ ಸುಮಾರಿಗೆ ಬೀದರಿನಲ್ಲಿ ಹಗಲು 11 ಗಂಟೆ ಮಾತ್ರ, ನಡುಮಧ್ಯಾಹ್ನದ ಸೂರ್ಯನೂ ದಕ್ಷಿಣಕ್ಕೆ ಸರಿದು 49 ಡಿಗ್ರಿ ಎತ್ತರದಲ್ಲೇ ಇರುತ್ತಾನೆ. ಹೀಗಾಗಿ ಉತ್ತರಕ್ಕೆ ಮುಖಮಾಡಿದ ಗೋಡೆ ದಿನವಿಡೀ ನೆರಳಲ್ಲೇ ಇರುತ್ತದೆ. ಹೊಸಬರು ಅದರಿಂದ ಶುರುಮಾಡಿದರೆ ಓಡುವ ನೆರಳಿನ ಹಿಂದೆ ಓಡಬೇಕಿಲ್ಲ. 1472ರ ಮಹಮೂದ್ ಗವಾನ್ ಮದರಸಾದ ಮುಂಭಾಗ ಪೂರ್ವಕ್ಕಿದೆ. ಅಲ್ಲಿ ಬೆಳಗಿನ ಬಿಸಿಲು ಎಡಗಡೆಯಿಂದ ಓರೆಯಾಗಿ ಬಿದ್ದು, ಉಳಿದಿರುವ ಒಂದೇ ಮಿನಾರಿನ ಗುಂಡನೆಯ ಆಕಾರ, ನೀಲಿ ಹೆಂಚಿನ ತುಣುಕು ಎದ್ದು ಕಾಣುತ್ತವೆ. ಆದರೆ ಅದೇ ಬಿಸಿಲು ಬೆನ್ನಹಿಂದಿನಿಂದ ಬೋರ್ಡಿಗೂ ಬೀಳುತ್ತದೆ. ಬಿಸಿಲಲ್ಲಿ ಹೊಳೆಯುವ ಬೋರ್ಡಿನ ಮೇಲೆ ಬರೆದದ್ದು ಮನೆಯಲ್ಲಿ ಕಪ್ಪಗೆ ಕಾಣುವುದು ಖಂಡಿತ, ಈಸೆಲ್ಲನ್ನು ತಿರುಗಿಸಿ ಬೋರ್ಡಿನ ಬೆನ್ನು ಬಿಸಿಲಿಗೆ ಬರುವಂತೆ ಮಾಡಿಕೊಳ್ಳಿ. ಸ್ಮಾರಕದ ಆವರಣದೊಳಗೆ ಈಸೆಲ್ ಹೂಡುವ ಮೊದಲು ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ಕೇಳುವುದು ಮರೆಯಬೇಡಿ.

ಒಂದು ಕೂಟಕ್ಕೆ ಎರಡು ಗಂಟೆ ಸಾಕು, ಬೋರ್ಡು 9×12 ಇಂಚಿಗಿಂತ ದೊಡ್ಡದು ಬೇಡ. 3 ಮಿಮೀ ಹಾರ್ಡ್‌ಬೋರ್ಡಿಗೆ ಎರಡು ಮೂರು ಕೈ ಅಕ್ರಿಲಿಕ್ ಜೆಸ್ಸೊ (ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ಬಿಳಿ ಲೇಪ) ಹಾಕಿ, ಮೇಲೆ ಹಸಿರು ಬೂದಿನ ತೆಳು ಲೇಪ ಕೊಟ್ಟರೆ ಕೋಟೆಯ ಕೆಂಪು ಮೊದಲ ಗೆರೆಗೇ ಮಾತಾಡುತ್ತದೆ.

ಬೆಳಗಿನ ಚಳಿಗೆ ಎಣ್ಣೆ ದಪ್ಪವಾಗಿ ಟ್ಯೂಬಿನ ಬಣ್ಣ ಬಿರುಸಾಗುತ್ತದೆ, ಎಲ್ಲಕ್ಕಿಂತ ಟೈಟಾನಿಯಂ ವೈಟ್. ಬಾದಾಮಿ ಗಾತ್ರದ ಬಿಳಿಗೆ ಎರಡೇ ಹನಿ ಲಿನ್ಸೀಡ್ (ಅಗಸೆ ಎಣ್ಣೆ) ಸೇರಿಸಿ ಪ್ಯಾಲೆಟ್ ನೈಫಿನಿಂದ ಮಸೆಯಿರಿ. ಟರ್ಪೆಂಟೈನ್ ಸುರಿದು ಮೆದು ಮಾಡಿದರೆ ಬಣ್ಣದ ಹಿಡಿತವೇ ಸಡಿಲವಾಗಿ ಮುಂದೆ ಪುಡಿ ಉದುರುತ್ತದೆ. ಒಣಗುವುದೂ ಚಳಿಗೆ ನಿಧಾನ. ಗಾಢ ಕಂದಿನ ಬರ್ಂಟ್ ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ, ಹಾಗಾಗಿ ಮೊದಲ ರೇಖೆ, ನೆರಳು ಅದರಲ್ಲೇ ಇರಲಿ. ಕಪ್ಪಿನ ಐವರಿ ಬ್ಲ್ಯಾಕ್, ಗಾಢ ಕೆಂಪಿನ ಅಲಿಜರಿನ್ ಒಣಗುವುದು ತಡ; ಅವನ್ನು ತಳಕ್ಕೆ ಹಾಕಬೇಡಿ. ಮಾರನೇ ದಿನವೇ ಮೇಲೆ ಕೆಲಸ ಬೇಕೆಂದರೆ ಬಣ್ಣವನ್ನು ಬೇಗ ಒಣಗಿಸುವ ಆಲ್ಕಿಡ್ ಮೀಡಿಯಂ ಬೆರೆಸಿ.

ನಮ್ಮ ಹೊಲಗಳಲ್ಲೇ ಅಗಸೆ, ಕುಸುಬೆ ಬೆಳೆಯುವಾಗ ಗಾಣದ ಎಣ್ಣೆ ಯಾಕಾಗದು ಎಂದು ಕೇಳುವವರು ಬಹಳ. ಮರಕ್ಕೆ ಸವರಲು ಆದೀತು, ಚಿತ್ರಕ್ಕೆ ಬೇಡ. ಗಾಣದ ಅಗಸೆ ಎಣ್ಣೆಯಲ್ಲಿ ಉಳಿಯುವ ಲೋಳೆ ಅಂಶದಿಂದ ಪದರ ಹಳದಿಯಾಗುತ್ತದೆ. ಅಡುಗೆಯ ಕುಸುಬೆ ಎಣ್ಣೆಯಲ್ಲಿ ಕೆಲವು ತಳಿಯದ್ದು ಗಟ್ಟಿಯಾಗಿ ಒಣಗುವ ಜಾತಿಯೇ ಅಲ್ಲ, ಪ್ಯಾಕೆಟ್ಟಿನದಕ್ಕೆ ಕೆಡದಂತೆ ಬೇರೆ ವಸ್ತು ಸೇರಿಸಿರುವುದೂ ಉಂಟು. ತಿಂಗಳಾದರೂ ಬೆರಳಿಗಂಟುತ್ತದೆ. ಚಿತ್ರಕ್ಕೆಂದೇ ಶುದ್ಧಮಾಡಿದ ಸಣ್ಣ ಬಾಟಲಿ ಇಡೀ ಚಳಿಗಾಲಕ್ಕೆ ಬರುತ್ತದೆ. ಬಣ್ಣದಂಗಡಿಯ ಟರ್ಪೆಂಟೈನನ್ನು ಒಂದು ಹನಿ ಬಿಳಿ ಹಾಳೆಗೆ ಬಿಟ್ಟು ಪರೀಕ್ಷಿಸಿ. ಆರಿದ ಮೇಲೂ ಎಣ್ಣೆ ಕಲೆ ಉಳಿದರೆ ಅದು ಕಲಬೆರಕೆ.

ಈ ಈಸೆಲ್ಲಿನ ದೊಡ್ಡ ಕೊರತೆ ಕಡೆಯಲ್ಲಿ ಗೊತ್ತಾಗುತ್ತದೆ: ಹಸಿ ಬೋರ್ಡು ಹೊರಲು ಒಳಗೆ ಗೂಡಿಲ್ಲ. ಹೊರಗೆ ಸಿಕ್ಕಿಸಿ ಬೈಕಿನಲ್ಲಿ ಬಂದರೆ ಚಿತ್ರದ ಆಕಾಶದ ತುಂಬ ಧೂಳು ಅಂಟಿರುತ್ತದೆ. ಒಂದೇ ಅಳತೆಯ ಎರಡು ಬೋರ್ಡು ಎದುರುಬದುರಾಗಿಟ್ಟು, ನಾಲ್ಕು ಮೂಲೆಗೂ ಕಾರ್ಕಿನ ಚೂರು ಕೊಟ್ಟು, ಕ್ಲಿಪ್ ಹಾಕಿ, ಸುತ್ತಲಿನ ಸಂದಿಗೆ ಟೇಪು ಸುತ್ತಿ. ಧೂಳು ಕೂತಿದ್ದರೆ ಹಸಿಯಲ್ಲಿ ಮುಟ್ಟಬೇಡಿ; ಪೂರ್ತಿ ಒಣಗಿದ ಮೇಲೆ ಮೆತ್ತನೆ ಬ್ರಶ್ಶಿನಿಂದ ತಟ್ಟಿದರೆ ಬಹುಪಾಲು ಉದುರುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಡ್ರಾಯರಿನಲ್ಲಿ ಬಿಡಬೇಡಿ. ಲಿನ್ಸೀಡ್ ಒಣಗುವಾಗ ತಾನೇ ಬಿಸಿಯೇರಿ ಬೆಂಕಿ ಹತ್ತಬಹುದು, ನೀರು ಹಾಕಿದ ತಗಡಿನ ಡಬ್ಬಿಯಲ್ಲಿ ಮುಚ್ಚಿಕೊಂಡು ತನ್ನಿ.